ಲುವೆನ್‌ನ ಬೆಗೈನ್‌ಹೋಫ್‌ನಲ್ಲಿ ನಡ್ಕೊಂಡೇ ಕಳೆದ ಎರಡು ವರ್ಷ

ಮನೆ ಶಿಫ್ಟ್ ಮಾಡಿದ ರಾತ್ರಿ ಟ್ಯಾಕ್ಸಿಯವರು ನನ್ನನ್ನ ಬೇರೆ ಬೆಗೈನ್‌ಹೋಫ್ ಹತ್ರ ಇಳಿಸಿ ಹೋದ್ರು. ಬೆಗೈನ್‌ಹೋಫ್ ಅಂದ್ರೆ ಹಿಂದಿನ ಕಾಲದಲ್ಲಿ ಬೆಗೈನ್ ಅನ್ನೋ ಹೆಂಗಸರು ಒಟ್ಟಿಗೆ ಇರ್ತಿದ್ದ ಮನೆಗಳ ಬಡಾವಣೆ. ಬೆಲ್ಜಿಯಂನ ಲುವೆನ್ ಊರಲ್ಲಿ ಅವು ಎರಡಿವೆ, ಗ್ರೋಟ್ ಬೆಗೈನ್‌ಹೋಫ್ ಅಂದ್ರೆ ದೊಡ್ಡದು, ಊರಿನ ದಕ್ಷಿಣಕ್ಕೆ, ಕ್ಲೈನ್ ಅಂದ್ರೆ ಚಿಕ್ಕದು, ಉತ್ತರಕ್ಕೆ. ನಾನು ಬರೀ ಬೆಗೈನ್‌ಹೋಫ್ ಅಂತ ಹೇಳಿದ್ದೆ, ತಪ್ಪು ನಂದೇ. ರಾತ್ರಿ ಹತ್ತು ಗಂಟೆ, ಎರಡು ದೊಡ್ಡ ಸೂಟ್‌ಕೇಸು, ಬೆನ್ನ ಮೇಲೊಂದು ಬ್ಯಾಗು, ಸಣ್ಣಗೆ ಮಳೆ, ಫೋನ್ ಚಾರ್ಜ್ ಮುಗಿದಿತ್ತು. ದಾರೀಲಿ ಸಿಕ್ಕ ಒಬ್ಬ ಹುಡುಗೀನ ಕೇಳ್ದಾಗ "ನೇರ ಹೋಗಿ, ದೊಡ್ಡ ಚೌಕ ಸಿಗತ್ತೆ, ಅದನ್ನ ದಾಟಿ ನಾಮ್ಸೆಸ್ಟ್ರಾಟ್ ಹಿಡೀರಿ, ನಡ್ಕೊಂಡೇ ಹೋಗಬಹುದು" ಅಂದ್ಲು. ಹಾಗೇ ಹೋದೆ. 15ನೇ ಶತಮಾನದ ಪುರಭವನ ದಾಟಿ, ವಿಶ್ವವಿದ್ಯಾಲಯದ ಹಳೇ ಕಟ್ಟಡ ದಾಟಿ, ಬಲಕ್ಕೆ ತಿರುಗಿ ಇಳಿಜಾರು ಇಳಿದು ಬರೋ ಹೊತ್ತಿಗೆ ಒಂದು ಸೂಟ್‌ಕೇಸಿನ ಚಕ್ರ ಕಲ್ಲಿಗೆ ಸಿಕ್ಕಿ ಮುರಿದಿತ್ತು. ಆದ್ರೆ ಅಷ್ಟು ಲಗೇಜ್ ಎಳ್ಕೊಂಡೂ ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಮುಕ್ಕಾಲು ಗಂಟೇಲಿ ಬಂದಿದ್ದೆ. ಅದಕ್ಕೂ ಮುಂಚೆ ನಾಲ್ಕು ತಿಂಗಳು ರಿಂಗ್ ರೋಡಿನ ಆಚೆ ಒಂದು ಸ್ಟುಡಿಯೋದಲ್ಲಿದ್ದೆ, ದಿನಾ ಬಸ್ಸಲ್ಲೇ ಓಡಾಟ, ಹಾಗಾಗಿ ಈ ಊರು ಇಷ್ಟು ಪುಟ್ಟದು ಅಂತ ನನಗೆ ಅವತ್ತಿನವರೆಗೂ ಗೊತ್ತೇ ಇರಲಿಲ್ಲ.

ಈ ಬೆಗೈನ್‌ಗಳು ಯಾರು ಅಂತ ಮೊದಲು ಹೇಳ್ತೀನಿ, ಯಾಕಂದ್ರೆ ಅಲ್ಲಿನ ಮನೆಗಳು ಹಾಗೆ ಇರೋದಕ್ಕೂ ಅಲ್ಲಿ ಬದುಕೋ ರೀತಿಗೂ ಅದೇ ಕಾರಣ. ಬೆಗೈನ್ ಅಂತ ಕರೀತಿದ್ದ ಹೆಂಗಸರು ಸನ್ಯಾಸಿನಿಯರ ಹಾಗೇ ಒಟ್ಟಿಗೆ ಇರ್ತಿದ್ರು, ಆದ್ರೆ ಜೀವನಪೂರ್ತಿ ವ್ರತ ತಗೋತಿರಲಿಲ್ಲ. ಬೇಕಾದಾಗ ಬಿಟ್ಟು ಹೋಗಿ ಮದುವೆ ಆಗಬಹುದಿತ್ತು, ತಮ್ಮ ಆಸ್ತಿ ತಮ್ಮ ಹತ್ರಾನೇ ಇಟ್ಕೋಬಹುದಿತ್ತು, ದುಡಿದು ತಿನ್ನೋರು. ಲುವೆನ್‌ನ ದೊಡ್ಡ ಬೆಗೈನ್‌ಹೋಫ್ ಶುರುವಾಗಿದ್ದು 13ನೇ ಶತಮಾನದಲ್ಲಿ, ಈಗ ನಿಂತಿರೋ ಮನೆಗಳು ಹೆಚ್ಚಿನವು 17ನೇ ಶತಮಾನದವು. ಸುಮಾರು ಮೂರು ಹೆಕ್ಟೇರ್ ಜಾಗದಲ್ಲಿ ನೂರರಷ್ಟು ಮನೆ, ಕೆಂಪು ಇಟ್ಟಿಗೆ, ಕಿಟಕಿ ಸುತ್ತ ಬಿಳಿ ಮರಳುಗಲ್ಲು, ನಡುವೆ ಡೈಲೆ ನದಿ ಎರಡು ಕವಲಾಗಿ ಹರಿಯತ್ತೆ. ಬೀದಿ ಕಡೆಗೆ ನೆಲಮಹಡಿಯಲ್ಲಿ ಕಿಟಕಿಗಳು ತುಂಬಾ ಕಮ್ಮಿ, ಎಷ್ಟೋ ಕಡೆ ಬರೀ ಗೋಡೆ, ಒಂದು ಬಾಗಿಲು, ಬಾಗಿಲ ಹಿಂದೆ ಪುಟ್ಟ ಅಂಗಳ. ಬೀದೀಲಿ ಹೋಗೋರ ಕಣ್ಣಿಗೆ ತಮ್ಮ ಬದುಕು ಬೀಳಬಾರದು ಅಂತ ಆ ಹೆಂಗಸರು ಮಾಡ್ಕೊಂಡ ಏರ್ಪಾಡು ಅದು, ಅದರ ಬೆಲೆ ನನಗೆ ಏಪ್ರಿಲ್‌ನಲ್ಲಿ ಟೂರಿಸ್ಟ್ ಗುಂಪುಗಳು ಬರೋಕೆ ಶುರುವಾದಾಗ ಗೊತ್ತಾಯ್ತು.

ಆಮೇಲೆ ಈ ಜಾಗ ಬಡವರ ವಸತಿ ಆಗಿ ತುಂಬಾ ಹಾಳಾಗಿತ್ತಂತೆ. 1962ರಲ್ಲಿ ವಿಶ್ವವಿದ್ಯಾಲಯ ಇಡೀ ಬೆಗೈನ್‌ಹೋಫ್ ಕೊಂಡ್ಕೊಂಡು, ಪ್ರೊಫೆಸರ್ ರೇಮಂಡ್ ಲೆಮೇರ್ ಅವರ ಕೈಗೆ ರಿಪೇರಿ ಕೆಲಸ ಕೊಟ್ಟಿತು. ಹಳೇ ಕಟ್ಟಡಗಳನ್ನ ಹೇಗೆ ಉಳಿಸ್ಬೇಕು ಅನ್ನೋದಕ್ಕೆ ಜಗತ್ತೇ ಒಪ್ಪಿಕೊಂಡ 1964ರ ವೆನಿಸ್ ಚಾರ್ಟರ್ ಬರೆದವರಲ್ಲಿ ಅವರೂ ಒಬ್ಬರು. ನನಗೆ ಅವರ ಮೇಲೆ ಗೌರವ ಬಂದಿದ್ದು ಇನ್ನೊಂದು ಕಾರಣಕ್ಕೆ. ಇದನ್ನ ಮ್ಯೂಸಿಯಂ ಮಾಡಿಬಿಡಬಹುದಿತ್ತು, ಎಷ್ಟೋ ಊರಲ್ಲಿ ಹಾಗೇ ಮಾಡ್ತಾರೆ, ಇಲ್ಲಿ ಒಳಗೆ ಬಚ್ಚಲು, ಅಡುಗೆಮನೆ, ಹೀಟಿಂಗ್ ಹಾಕಿ ವಿದ್ಯಾರ್ಥಿಗಳು, ಸಂಶೋಧಕರು, ಹೊರಗಿಂದ ಬರೋ ಪ್ರೊಫೆಸರ್‌ಗಳು ವಾಸ ಮಾಡೋ ಹಾಗೆ ಮಾಡಿದ್ರು. 1998ರಲ್ಲಿ ಯುನೆಸ್ಕೋ ಬೆಲ್ಜಿಯಂನ ಉತ್ತರ ಭಾಗವಾದ ಫ್ಲಾಂಡರ್ಸ್‌ನ 13 ಬೆಗೈನ್‌ಹೋಫ್‌ಗಳನ್ನ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದಾಗ ಇದೂ ಅದರಲ್ಲಿತ್ತು. ನಾನಿರೋ ಹೊತ್ತಿಗೂ ಸಂಜೆ ಹೊತ್ತು ಕಿಟಕೀಲಿ ದೀಪ ಇರ್ತಿತ್ತು, ಯಾರದೋ ಮನೆಯಿಂದ ಈರುಳ್ಳಿ ಹುರಿಯೋ ವಾಸನೆ ಬರ್ತಿತ್ತು, ಡಿಸೆಂಬರ್‌ನಲ್ಲಿ ನಾಲ್ಕೂವರೆಗೆಲ್ಲ ಕತ್ತಲಾದಾಗ ಲ್ಯಾಬಿಂದ ಒಬ್ಬಳೇ ಬರೋವಾಗ ಆ ದೀಪಗಳು ಎಷ್ಟು ಧೈರ್ಯ ಕೊಡ್ತಿದ್ವು ಅಂತ ಹೇಳೋದು ಕಷ್ಟ.

ಈಗ ನಡಿಗೆ ವಿಷಯಕ್ಕೆ ಬರ್ತೀನಿ. ನನ್ನ ಲ್ಯಾಬ್ ಇದ್ದಿದ್ದು ಹೆವರ್ಲೇ ಕಡೆ ಅರೆನ್‌ಬರ್ಗ್ ಕ್ಯಾಂಪಸ್‌ನಲ್ಲಿ, ಮನೆಯಿಂದ ಇಪ್ಪತ್ತು ಇಪ್ಪತ್ತೈದು ನಿಮಿಷ, ಅದಕ್ಕೆ ವಿರುದ್ಧ ದಿಕ್ಕಲ್ಲಿ ಊರಿನ ಚೌಕ, ಲೈಬ್ರರಿ, ಸಂತೆ ಎಲ್ಲ ಹತ್ತು ಹದಿನೈದು ನಿಮಿಷ, ರೈಲ್ವೆ ಸ್ಟೇಷನ್ ಇನ್ನೂ ಸ್ವಲ್ಪ ದೂರ. ಮೊದಲ ವಾರ ನಾನು ಫೋನ್ ಮ್ಯಾಪ್ ಹೇಳಿದ ದಾರೀಲೇ ಹೋಗ್ತಿದ್ದೆ, ಆಮೇಲೆ ಒಂದು ಭಾನುವಾರ ಒಂದು ನೋಟ್‌ಬುಕ್ ಹಿಡ್ಕೊಂಡು ಮೂರು ಬೇರೆ ಬೇರೆ ದಾರೀಲಿ ಕ್ಯಾಂಪಸ್‌ಗೆ ಹೋಗಿ ಬಂದೆ, ಎಲ್ಲಿ ಲೈಟ್ ಇದೆ, ಎಲ್ಲಿ ಮಳೆ ನೀರು ನಿಲ್ಲತ್ತೆ, ರಿಂಗ್ ರೋಡ್ ದಾಟೋಕೆ ಎಲ್ಲಿ ಸಿಗ್ನಲ್ ಬೇಗ ಬಿಡತ್ತೆ ಅಂತೆಲ್ಲ ಬರ್ಕೊಂಡೆ. ಅದೇ ದಾರಿಗಳನ್ನ ಮತ್ತೆ ರಾತ್ರಿ ಒಂಬತ್ತಕ್ಕೆ ನಡೆದು ನೋಡ್ದೆ. ಹಗಲಿಗೆ ಒಂದು ದಾರಿ, ರಾತ್ರಿಗೆ ಒಂದು ದಾರಿ ಅಂತ ಫಿಕ್ಸ್ ಆಯ್ತು. ಹೊಸ ಜಾಗಕ್ಕೆ ಹೋದೋರಿಗೆ ನಾನು ಕೊಡೋ ಸಲಹೆ ಇದೊಂದೇ, ಮನೆ ಒಪ್ಪಿಕೊಳ್ಳೋ ಮುಂಚೆ ಇದನ್ನ ಮಾಡಿ, ನಾನು ಆಮೇಲೆ ಮಾಡ್ದೆ.

ಬೆಗೈನ್‌ಹೋಫ್ ಒಳಗಂತೂ ಕಾರಿನ ಓಡಾಟ ಇಲ್ಲ. ಊರಿನ ನಡುವೆ ಕೂಡ 2016ರಲ್ಲಿ ತಂದ ಟ್ರಾಫಿಕ್ ಪ್ಲ್ಯಾನ್‌ನಿಂದ ಒಂದು ಭಾಗದಿಂದ ಇನ್ನೊಂದಕ್ಕೆ ಕಾರಲ್ಲಿ ನೇರ ಹೋಗೋ ಹಾಗಿಲ್ಲ, ರಿಂಗ್ ರೋಡಿಗೆ ಬಂದು ಸುತ್ತಿ ಹೋಗ್ಬೇಕು, ನಡೆಯೋರಿಗೆ ಸೈಕಲ್ಲಿನವರಿಗೆ ಮಾತ್ರ ನೇರ ದಾರಿ. ಮೊದಲು ನನಗೆ ಇದೇನೂ ಕಣ್ಣಿಗೇ ಬೀಳಲಿಲ್ಲ. ಒಂದು ದಿನ ಸಹೋದ್ಯೋಗಿಯ ಕಾರಲ್ಲಿ ಬಂದೆ, ನಡೆದ್ರೆ ಹತ್ತು ನಿಮಿಷದ ದಾರಿಗೆ ಅದಕ್ಕಿಂತ ಜಾಸ್ತಿ ಹೊತ್ತು ಆಯ್ತು, ಆಗ ಅರ್ಥ ಆಯ್ತು ನನ್ನ ಕಾಲಿಗೆ ಈ ಊರು ಎಷ್ಟು ಅನುಕೂಲ ಮಾಡಿಕೊಟ್ಟಿದೆ ಅಂತ.

ಸಾಮಾನು ತರೋದು ಬದಲಾಯ್ತು. ವಾರಕ್ಕೊಂದು ಸಲ ನಾಲ್ಕು ಚೀಲ ತುಂಬಿಸೋ ಅಭ್ಯಾಸ ಬಿಟ್ಟು ದಿನ ಬಿಟ್ಟು ದಿನ ಒಂದು ಚೀಲ, ಶುಕ್ರವಾರ ಲಾಡೆಯಜ್‌ಪ್ಲೇನ್ ಚೌಕದ ಸಂತೇಲಿ ತರಕಾರಿ. ಭಾನುವಾರ ಅಂಗಡಿಗಳು ಹೆಚ್ಚಿನವು ಮುಚ್ಚಿರ್ತವೆ, ಇದನ್ನ ಮರೆತು ಎರಡು ಸಲ ಬರೀ ಬ್ರೆಡ್ಡಲ್ಲಿ ದಿನ ಕಳೆದಿದ್ದೀನಿ. ಕಸಕ್ಕೂ ಲೆಕ್ಕ ಇದೆ, ಪ್ಲಾಸ್ಟಿಕ್ ಬಾಟಲಿ ಡಬ್ಬಿಗೆ ನೀಲಿ ಚೀಲ, ಉಳಿದದ್ದಕ್ಕೆ ದುಡ್ಡು ಕೊಟ್ಟು ಕೊಳ್ಳೋ ಬೇರೆ ಚೀಲ, ಹೇಳಿದ ದಿನವೇ ಬಾಗಿಲ ಮುಂದೆ ಇಡ್ಬೇಕು. ಚೀಲಕ್ಕೂ ದುಡ್ಡು, ಹೊತ್ತು ತರೋದೂ ನಾನೇ, ಹಾಗಾಗಿ ಅನಾವಶ್ಯಕ ಪ್ಯಾಕಿಂಗ್ ಇರೋ ವಸ್ತು ಕೊಳ್ಳೋದೇ ಕಮ್ಮಿ ಆಯ್ತು.

ಆದ್ರೆ ಕಲ್ಲುಗಳ ಬಗ್ಗೆ ನಾನು ಸುಮ್ನೆ ಹೊಗಳಲ್ಲ. ಬೆಗೈನ್‌ಹೋಫ್ ಬೀದಿಗೆಲ್ಲ ಹಾಕಿರೋದು ದುಂಡಗಿನ ಗುಂಡುಕಲ್ಲು, ಡಚ್ ಭಾಷೇಲಿ ಕಿಂಡರ್‌ಕೋಪ್ಯೆಸ್, ಮಕ್ಕಳ ತಲೆ ಅಂತ ಅರ್ಥ. ಫೋಟೋದಲ್ಲಿ ಚೆನ್ನಾಗಿ ಕಾಣತ್ತೆ. ಮಳೆಗೆ, ಅದರಲ್ಲೂ ಶರತ್ಕಾಲದಲ್ಲಿ ಎಲೆ ಉದುರಿದ ಮೇಲೆ ಜಾರತ್ತೆ, ನಾನು ನವೆಂಬರ್‌ನಲ್ಲಿ ಸೇತುವೆ ಇಳಿಯೋವಾಗ ಬಿದ್ದು ಮಣಿಕಟ್ಟು ಉಳುಕಿ ಮೂರು ವಾರ ಪಟ್ಟಿ ಕಟ್ಕೊಂಡಿದ್ದೆ. ತೆಳು ಅಟ್ಟೆಯ ಶೂ ಹಾಕಿದ್ರೆ ಸಂಜೆಗೆ ಪಾದ ನೋವು ಬರತ್ತೆ, ದಪ್ಪ ರಬ್ಬರ್ ಅಟ್ಟೆ, ಕಣಕಾಲು ಹಿಡಿಯೋ ಶೂ ತಗೊಂಡ ಮೇಲೆ ಸರಿಹೋಯ್ತು. ನನಗೆ ಸರಿ, ನನ್ನ ವಯಸ್ಸಿಗೆ ಸರಿ. ಎದುರು ಮನೇಲಿ ಒಂದು ವರ್ಷಕ್ಕೆ ಅಂತ ಬಂದಿದ್ದ ಪ್ರೊಫೆಸರ್ ಒಬ್ಬರ ಹೆಂಡತಿಗೆ ಮಂಡಿ ನೋವು, ಕೋಲು ಹಿಡಿದು ನಡೆಯೋರು, ಆ ಕಲ್ಲಿನ ಮೇಲೆ ನೂರು ಹೆಜ್ಜೆ ಹಾಕೋಕೆ ಅವರು ಪಡ್ತಿದ್ದ ಕಷ್ಟ ದಿನಾ ನೋಡ್ತಿದ್ದೆ. "ನನಗೆ ಈ ಬೀದಿ ತುಂಬಾ ಇಷ್ಟ, ಕಿಟಕಿಯಿಂದ" ಅಂತ ಒಂದು ಸಲ ಅಂದ್ರು. ಅವತ್ತಿಂದ ನಡೆಯೋಕೆ ಹೇಳಿ ಮಾಡಿಸಿದ ಬಡಾವಣೆ ಅಂತ ಯಾರಾದ್ರೂ ಅಂದ್ರೆ ಯಾರ ಕಾಲಿಗೆ ಅಂತ ನಾನು ಕೇಳ್ತೀನಿ. ಹಳೇ ಕಲ್ಲನ್ನ ಕೀಳಬೇಡಿ, ಆದ್ರೆ ಅಂಚಲ್ಲಿ ಒಂದು ಗಾಲಿಕುರ್ಚಿ ಹೋಗೋಷ್ಟು ಅಗಲ ಚಪ್ಪಟೆ ಕಲ್ಲಿನ ಪಟ್ಟಿ ಹಾಕಿದ್ರೆ ಪರಂಪರೆಗೆ ಏನೂ ಆಗಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ.

ಸೈಕಲ್ ಬಗ್ಗೆ ಜಾಸ್ತಿ ಹೇಳೋದಿಲ್ಲ, ಮಳೆ ಜೋರಿದ್ದ ದಿನಕ್ಕೆ ಅಂತ ಬಾಡಿಗೆಗೆ ಒಂದು ತಗೊಂಡಿದ್ದೆ, ಬೆಗೈನ್‌ಹೋಫ್ ಒಳಗೆ ತಳ್ಕೊಂಡು ಬರೋದೇ ವಾಸಿ.

ಮನೆ ಒಳಗಿನ ಕಥೆ ಬೇರೆ. ನಂದು ಮೊದಲ ಮಹಡಿ, ಓಕ್ ಮರದ ತೊಲೆಗಳು ತಲೆ ಮೇಲೇ ಕಾಣ್ತಿದ್ವು, ಮೆಟ್ಟಿಲು ಕಡಿದಾಗಿ ಸುತ್ತಿಕೊಂಡು ಹತ್ತತ್ತೆ, ಒಂದು ಸಣ್ಣ ಮೇಜು ಕೂಡ ತಿರುಗಿಸಿ ತಿರುಗಿಸಿ ಹತ್ತಿಸ್ಬೇಕು. ಬೆಲ್ಜಿಯಂನಲ್ಲಿ ದೊಡ್ಡ ಸಾಮಾನನ್ನ ಹೊರಗಿಂದ ಏಣಿ ಲಿಫ್ಟ್ ಹಾಕಿ ಕಿಟಕಿಯಿಂದಾನೇ ಒಳಗೆ ತರೋದು ಮಾಮೂಲು, ಇಲ್ಲಿ ಮನೆ ಫರ್ನಿಚರ್ ಸಮೇತ ಕೊಡೋದ್ರಿಂದ ನನಗೆ ಆ ಪ್ರಮೇಯ ಬರಲಿಲ್ಲ. ಮೊದಲ ಚಳಿಗಾಲ ಒಂದು ತಪ್ಪು ಮಾಡ್ದೆ, ಬೀರುವನ್ನ ಹೊರಗೋಡೆಗೆ ಒತ್ತಿ ಇಟ್ಟು, ಒಳಗೇ ಬಟ್ಟೆ ಒಣಗಿಸಿ, ಚಳಿ ಅಂತ ಕಿಟಕಿ ಮುಚ್ಚೇ ಇಟ್ಟಿದ್ದೆ. ಫೆಬ್ರವರೀಲಿ ಬೀರು ಸರಿಸಿ ನೋಡಿದ್ರೆ ಹಿಂದೆಲ್ಲ ಕಪ್ಪು ಬೂಷ್ಟು, ಎರಡು ಸ್ವೆಟರ್ ಎಸೀಬೇಕಾಯ್ತು. ಇಟ್ಟಿಗೆ ಗೋಡೆ ತಣ್ಣಗಿರತ್ತೆ, ಒಳಗಿನ ಹಬೆ ಹೋಗಿ ಅಲ್ಲೇ ನೀರಾಗಿ ಕೂರತ್ತೆ, ಗಾಳಿ ಆಡದಿದ್ರೆ ಬೂಷ್ಟು ಹಿಡಿಯತ್ತೆ, ಅಷ್ಟೇ ಲೆಕ್ಕ. ಆಮೇಲೆ ಬೀರು ಗೋಡೆಯಿಂದ ಒಂದು ಗೇಣು ದೂರ, ಬೆಳಗ್ಗೆ ಹತ್ತು ನಿಮಿಷ ಸಂಜೆ ಹತ್ತು ನಿಮಿಷ ಎಲ್ಲ ಕಿಟಕಿ ಪೂರ್ತಿ ತೆಗೆಯೋದು, ಅಡುಗೆ ಮಾಡೋವಾಗ ಬಾಗಿಲು ಮುಚ್ಚೋದು. ಎರಡನೇ ಚಳಿಗಾಲ ಗೋಡೆ ಒಣಗೇ ಇತ್ತು.

ಬಂದ ಎಂಟು ಕೆಲಸದ ದಿನದೊಳಗೆ ಪುರಸಭೇಲಿ ಹೊಸ ವಿಳಾಸ ಹೇಳ್ಬೇಕು, ಆಮೇಲೆ ಬಡಾವಣೆ ಪೊಲೀಸ್ ಒಬ್ಬರು ಬಂದು ನಿಜವಾಗ್ಲೂ ಇಲ್ಲೇ ಇದ್ದೀರಾ ಅಂತ ನೋಡ್ಕೊಂಡು ಹೋಗ್ತಾರೆ. ಕರೆಗಂಟೆ ಮೇಲೆ ಹೆಸರು ಇರಲೇಬೇಕು. ನಾನು ಹಾಕಿರಲಿಲ್ಲ, ಅವರು ಬಂದು ವಾಪಸ್ ಹೋಗಿದ್ರು, ವಾಸದ ಕಾರ್ಡ್ ಬರೋದು ಅದರಿಂದ ತಡ ಆಯ್ತು. ಮನೆ ಬೀಗ ತೆಗೆದ ದಿನವೇ ಹೆಸರು ಅಂಟಿಸಿ.

ಸದ್ದಿನಿಂದಲೇ ನನಗೆ ವಾರ ಗೊತ್ತಾಗ್ತಿತ್ತು. ಬೆಲ್ಜಿಯಂನ ವಿದ್ಯಾರ್ಥಿಗಳು ತುಂಬಾ ಜನ ವಾರದ ಕೊನೆಗೆ ಅಪ್ಪ ಅಮ್ಮನ ಮನೆಗೆ ಹೋಗ್ತಾರೆ, ಶುಕ್ರವಾರ ಮಧ್ಯಾಹ್ನ ಕಲ್ಲಿನ ಮೇಲೆ ಟ್ರಾಲಿ ಚಕ್ರಗಳು ಗಡಗಡ ಅಂತ ಸ್ಟೇಷನ್ ಕಡೆ ಹೋಗ್ತವೆ, ಭಾನುವಾರ ಸಂಜೆ ಒಗೆದ ಬಟ್ಟೆ, ಅಮ್ಮ ಕಟ್ಟಿಕೊಟ್ಟ ಡಬ್ಬಿ ಹೊತ್ಕೊಂಡು ವಾಪಸ್ ಬರ್ತವೆ. ನಡುವೆ ಎರಡು ದಿನ ನದಿ ಸದ್ದು, ಚರ್ಚಿನ ಗಂಟೆ, ಮತ್ತೆ ನಮ್ಮ ಹಾಗೆ ಮನೆ ದೂರ ಇರೋರು. ಆ ಖಾಲಿ ಶನಿವಾರಗಳು ಮೊದಲು ತುಂಬಾ ಭಾರ ಆಗ್ತಿದ್ವು, ನಿಜ ಹೇಳ್ಬೇಕಂದ್ರೆ ಒಂದೆರಡು ಸಲ ಅತ್ತಿದ್ದೀನಿ. ಆಮೇಲೆ ಒಂದು ಶನಿವಾರ ಫ್ಲಾಸ್ಕಲ್ಲಿ ಟೀ ಹಾಕ್ಕೊಂಡು ನದಿ ಪಕ್ಕದ ಬೆಂಚಲ್ಲಿ ಕೂತೆ, ಹಾದು ಹೋಗ್ತಿದ್ದ ಇಬ್ಬರನ್ನ ಕೇಳ್ದೆ, ಕೂತ್ರು. ಮುಂದಿನ ವಾರ ಐದು ಜನ. ಜನವರಿ, ಜೂನ್ ಪರೀಕ್ಷೆಗೆ ಓದೋ ಸಮಯದಲ್ಲಿ, ಅಲ್ಲಿ ಅದನ್ನ ಬ್ಲಾಕ್ ಅಂತಾರೆ, ತುಂಬಾ ಜನ ಊರಿಗೆ ಹೋಗಲ್ಲ, ಬೀದಿ ತುಂಬಾ ಮಂದಿ ಇದ್ದೂ ನಿಶ್ಶಬ್ದ, ಆಗ ನಮ್ಮ ಟೀ ಬೆಂಚಿಗೆ ಹದಿನೈದು ನಿಮಿಷಕ್ಕೆ ಅಂತ ಓದೋ ಹುಡುಗ್ರೂ ಬಂದು ಹೋಗ್ತಿದ್ರು.

ಒಂದು ವಿಷಯ ಕೊನೆವರೆಗೂ ನೋವು ಕೊಡ್ತು. ಬಾಡಿಗೆ ಕರಾರು ಎಲ್ಲರದ್ದೂ ಇಷ್ಟು ದಿನ ಅಂತ ಇರತ್ತೆ, ಸೆಪ್ಟೆಂಬರ್ ಬಂತು ಅಂದ್ರೆ ಅರ್ಧ ಬೀದಿ ಖಾಲಿ, ಪರಿಚಯ ಆದೋರು ಹೋಗ್ತಾರೆ, ಹೊಸಬರು ಬರ್ತಾರೆ. ಮಂಡಿ ನೋವಿನ ಅಮ್ಮನವರೂ ಹಾಗೇ ಹೋದ್ರು. ಎರಡನೇ ವರ್ಷ ನಾನು ಹೊಸದಾಗಿ ಬಂದ ಪ್ರತಿ ಮನೆ ಬಾಗಿಲು ತಟ್ಟಿ, ರಾತ್ರಿ ಯಾವ ದಾರೀಲಿ ಬರಬೇಕು, ಬೀರು ಎಲ್ಲಿಡಬೇಕು, ಕಸ ಯಾವ ದಿನ ಅಂತ ಒಂದು ಹಾಳೇಲಿ ಬರೆದು ಕೊಟ್ಟೆ.

ಲುವೆನ್‌ಗೆ ಓದೋಕೆ ಅಥವಾ ಕೆಲಸಕ್ಕೆ ಬರೋರು ಯಾರಾದ್ರೂ ಇದ್ರೆ, ಪ್ರವೇಶ ಪತ್ರ ಕೈಗೆ ಬಂದ ದಿನವೇ ವಿಶ್ವವಿದ್ಯಾಲಯದ ವಸತಿ ವಿಭಾಗಕ್ಕೆ ಬರೀರಿ, ಬೆಗೈನ್‌ಹೋಫ್ ಮನೆಗಳು ವಿಶ್ವವಿದ್ಯಾಲಯದೋರಿಗೆ ಅಂತಲೇ ಇರೋದು, ಕೇಳೋರು ಜಾಸ್ತಿ. ಸಿಕ್ರೆ ನೆಲಮಹಡಿ ಬೇಡ ಮೊದಲ ಮಹಡಿ ಕೇಳಿ. ಸೂಟ್‌ಕೇಸಿಗೆ ದೊಡ್ಡ ಚಕ್ರ ಇರಲಿ, ಟ್ಯಾಕ್ಸಿಯವರಿಗೆ ಗ್ರೋಟ್ ಅಂತ ಎರಡು ಸಲ ಹೇಳಿ.