ಮೊದಲು ಬಣವೆ, ಆಮೇಲೆ ಬಂಗಲೆ: ಗ್ರಾಂಟ್-ಕೋರ್ಸ್ ರ‍್ಯಾಂಚ್ ನೋಡಿದ್ದು

ಅಮೆರಿಕದಲ್ಲಿ ಯೆಲ್ಲೋಸ್ಟೋನ್ ಪಾರ್ಕ್ ಮುಗಿಸಿ ಗ್ಲೇಸಿಯರ್ ಪಾರ್ಕ್ ಕಡೆ ಹೊರಟವರು ಮೊಂಟಾನಾ ರಾಜ್ಯದ ಡಿಯರ್ ಲಾಡ್ಜ್‌ನಲ್ಲಿ ಪೆಟ್ರೋಲ್ ಹಾಕಿಸಿ ಮುಂದೆ ಹೋಗಿಬಿಡುತ್ತಾರೆ. ನಾವು ಅಲ್ಲೇ ಅರ್ಧ ದಿನ ಉಳಿದೆವು. ಊರಂಚಿನಲ್ಲೇ ಗ್ರಾಂಟ್-ಕೋರ್ಸ್ ರ‍್ಯಾಂಚ್ ಇದೆ. ರ‍್ಯಾಂಚ್ ಅಂದರೆ ದೊಡ್ಡ ಮಟ್ಟದಲ್ಲಿ ದನ ಸಾಕುವ ಜಮೀನು. ಈಗ ಇದು ಸರ್ಕಾರದ ನ್ಯಾಷನಲ್ ಪಾರ್ಕ್ ಸರ್ವಿಸ್ ನೋಡಿಕೊಳ್ಳುವ ಜಾಗ, ಪ್ರವೇಶಕ್ಕೆ ಕಾಸಿಲ್ಲ. ಸುಮ್ನೆ ಗಾಜಿನ ಪೆಟ್ಟಿಗೆಯಲ್ಲಿಟ್ಟ ಮ್ಯೂಸಿಯಂ ಅಲ್ಲ, ಇವತ್ತಿಗೂ ದನ ಮೇಯುತ್ತವೆ, ಕರು ಹಾಕುತ್ತವೆ.

ಬಂದವರೆಲ್ಲ ಮೊದಲು ಮಾಲೀಕರ ದೊಡ್ಡ ಮನೆಗೆ ಸಾಲು ಹಚ್ಚುತ್ತಾರೆ. ಮನೆ ಒಳಗೆ ರೇಂಜರ್ ಜೊತೆಗೇ ಹೋಗಬೇಕು, ಒಂದು ಸಲಕ್ಕೆ ಕೆಲವರನ್ನಷ್ಟೇ ಬಿಡುತ್ತಾರೆ, ಹಾಗಾಗಿ ಬಂದ ಕೂಡಲೇ ಹೆಸರು ಬರೆಸಿಬಿಟ್ಟು ಸರದಿ ಬರುವವರೆಗೆ ಹಿಂದಿನ ಕೊಟ್ಟಿಗೆಗಳ ಕಡೆ ಹೋಗುವುದು ಒಳ್ಳೆಯದು. ನಾನು ಹಾಗೇ ಮಾಡಿದೆ.

ಇದರ ಮೊದಲ ಮಾಲೀಕ ಜಾನಿ ಗ್ರಾಂಟ್ ದನದ ವ್ಯಾಪಾರ ಶುರು ಮಾಡಿದ ರೀತಿ ನನಗೆ ತುಂಬಾ ಹಿಡಿಸಿತು. ಪಶ್ಚಿಮಕ್ಕೆ ಗಾಡಿ ಹೊಡೆದುಕೊಂಡು ಹೋಗುತ್ತಿದ್ದ ವಲಸಿಗರ ಎತ್ತುಗಳು ದಾರಿಯಲ್ಲೇ ಸೊರಗುತ್ತಿದ್ದವು. ಅಂಥ ಎರಡು ಬಡಕಲು ದನ ತಗೊಂಡು ಒಂದು ಗಟ್ಟಿ ದನ ಕೊಡುವುದು, ಬಡಕಲನ್ನು ಈ ಕಣಿವೆಯಲ್ಲಿ ಮೇಯಿಸಿ ಮುಂದಿನ ವರ್ಷ ಮತ್ತೆ ಒಂದಕ್ಕೆ ಎರಡು. ಬಂಡವಾಳ ಅಂದರೆ ಹುಲ್ಲು ಮಾತ್ರ! 1866ರಲ್ಲಿ ಗ್ರಾಂಟ್‌ನಿಂದ ಈ ಜಾಗವನ್ನು 19,200 ಡಾಲರಿಗೆ ಕೊಂಡವನು ಕಾನ್ರಾಡ್ ಕೋರ್ಸ್, ಚಿನ್ನದ ಗಣಿ ಕೆಲಸಗಾರರಿಗೆ ಮಾಂಸ ಮಾರುತ್ತಿದ್ದ ಕಟುಕ. ಅವನ ದನ ಮೇಯುತ್ತಿದ್ದ ನೆಲ ಸುಮಾರು 1 ಕೋಟಿ ಎಕರೆ. ಅಷ್ಟೂ ಅವನ ಸ್ವಂತದ್ದಲ್ಲ, ನಮ್ಮ ಗೋಮಾಳದ ಹಾಗೆ, ಬೇಲಿಯಿಲ್ಲದ ಸರ್ಕಾರಿ ಹುಲ್ಲುಗಾವಲೇ ಜಾಸ್ತಿ.

1886-87ರ ಚಳಿಗಾಲ ಬಂತು. ಹಿಂದಿನ ಬೇಸಿಗೆಯಲ್ಲಿ ಮಳೆಯಿಲ್ಲದೆ ಹುಲ್ಲು ಒಣಗಿತ್ತು. ಬಿದ್ದ ಹಿಮ ಕರಗಿ ಮತ್ತೆ ಗಡ್ಡೆ ಕಟ್ಟಿತು, ಕಾಲಲ್ಲಿ ಕೆರೆದರೂ ಬಾಯಿಗೆ ಹುಲ್ಲು ಸಿಗಲಿಲ್ಲ. ಮೊಂಟಾನಾದ ಬಯಲಲ್ಲಿ ಲಕ್ಷಾಂತರ ದನ ಸತ್ತವು. ಕೋರ್ಸ್ ಮಾತ್ರ, ಬ್ಯೂಟ್ ಎಂಬ ಊರಿನ ಬ್ಯಾಂಕರ್ ಒಬ್ಬನಿಂದ 1 ಲಕ್ಷ ಡಾಲರ್ ಸಾಲ ಪಡೆದು ಮೇಲೆದ್ದ. ಎಷ್ಟೋ ಜನ ಏಳಲೇ ಇಲ್ಲ. ಚಳಿಗಾಲಕ್ಕೆ ಮೇವು ಕೂಡಿಡದೆ ದನ ಸಾಕಲಾಗದು ಅಂತ ಆಗ ಎಲ್ಲರಿಗೂ ಗೊತ್ತಾಯಿತು.

ಅದಕ್ಕೇ ಬೀವರ್‌ಸ್ಲೈಡ್ ಮುಂದೆ ಸ್ವಲ್ಪ ಹೊತ್ತು ನಿಲ್ಲಿ ಅನ್ನುತ್ತೇನೆ. ಮರದ ದಿಮ್ಮಿಗಳಿಂದ ಕಟ್ಟಿದ ಎತ್ತರದ ಇಳಿಜಾರು ಅದು. ಹುಲ್ಲು ತುಂಬಿದ ಬುಟ್ಟಿಯಂಥ ಚೌಕಟ್ಟನ್ನು ಕುದುರೆಗಳು ಹಗ್ಗದಲ್ಲಿ ಮೇಲಕ್ಕೆಳೆದರೆ, ತುದಿ ಮುಟ್ಟಿದ ಹುಲ್ಲು ಆಚೆ ಬದಿಯ ಬಣವೆ ಮೇಲೆ ಬೀಳುತ್ತೆ. ಇದೇ ಮೊಂಟಾನಾದ ಬಿಗ್ ಹೋಲ್ ಕಣಿವೆಯವರು 1900ರ ನಂತರ ಕಂಡುಹಿಡಿದದ್ದು. ಬಣವೆ ಒಟ್ಟಿ ಬೆನ್ನು ನೋಯಿಸಿಕೊಂಡವರಿಗೆ ಇದರ ಬೆಲೆ ಬೇರೆಯವರು ಹೇಳಬೇಕಿಲ್ಲ.

ಅಮ್ಮನಿಗೆ ಮಾತ್ರ ಬೇರೆಯದೇ ಚಿಂತೆ. "ಇಷ್ಟು ಹಸು ಇದ್ಯಲ್ಲೋ, ಹಾಲು ಕರೆಯೋರು ಯಾರು?" ಯಾರೂ ಕರೆಯಲ್ಲಮ್ಮ, ಇವು ಮಾಂಸದ ತಳಿ, ಹಾಲೆಲ್ಲ ಕರುವಿಗೇ ಅಂದೆ. ಒಂದು ಕ್ಷಣ ಸುಮ್ಮನಿದ್ದು, "ಕರು ಹೊಟ್ಟೆ ತುಂಬಾ ಕುಡಿಯುತ್ತೆ ಬಿಡು, ನಮ್ಮನೇಲಿ ಅದೂ ಇರಲಿಲ್ಲ" ಅಂದರು. ಇದು ದನ ಕೊಯ್ಯಲೆಂದೇ ಬೆಳೆದ ಕಸುಬು, ಮನೆಯ ಹಿರಿಯರಿಗೆ ಮೊದಲೇ ಹೇಳಿಟ್ಟಿರಿ.

ಮನೆಯೊಳಗೆ ಕೆತ್ತನೆಯ ಮರದ ಸಾಮಾನು, ಕಂಬಳಿ, ದೀಪ, ಎಲ್ಲ ಆ ಮನೆಯವರದ್ದೇ, ಹೊರಗಿಂದ ತಂದಿಟ್ಟಿದ್ದಲ್ಲ. ಕೋರ್ಸ್‌ನ ಮೊಮ್ಮಗ ಕಾನ್ರಾಡ್ ವಾರೆನ್ ಯಾವುದನ್ನೂ ಎಸೆಯದೆ ಇಟ್ಟಿದ್ದರಿಂದ, 1972ರಲ್ಲಿ ಇದು ರಾಷ್ಟ್ರೀಯ ಐತಿಹಾಸಿಕ ತಾಣವಾದಾಗ ಎಲ್ಲವೂ ಇದ್ದಲ್ಲೇ ಇತ್ತು.

ಟೋಪಿ, ನೀರು, ಗಟ್ಟಿ ಶೂ ಬೇಕು. ಬಯಲಲ್ಲಿ ನೆರಳು ಕಡಿಮೆ. ಊಟ ನಾವು ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿದ್ದೆವು. ಬೇಸಿಗೆಯಲ್ಲೇ ಹೋಗಿ, ಕಮ್ಮಾರನ ಕೆಲಸ, ಅಡುಗೆ ಗಾಡಿಯ ಕಾಫಿ ಎಲ್ಲ ಆಗಲೇ ನೋಡಲು ಸಿಗುವುದು. ಕಾಫಿ ಬಗ್ಗೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ, ನಮ್ಮ ಫಿಲ್ಟರ್ ಕಾಫಿಗೂ ಅದಕ್ಕೂ ಸಂಬಂಧವೇ ಇಲ್ಲ.