ಕಾಲು ಬದಲಾಗಿಲ್ಲ, ಕಾರ್ಡಿನ ಅವಧಿ ಮುಗಿದಿದೆ: ಯು.ಡಿ.ಐ.ಡಿ. ನವೀಕರಣದ ನನ್ನ ಅನುಭವ

ಅಂಗವಿಕಲರು ವಾಹನ ನಿಲ್ಲಿಸುವುದಕ್ಕೆಂದೇ ಕೊಡುವ ಪ್ರತ್ಯೇಕ ಪರವಾನಗಿ ಚೀಟಿಯನ್ನು ನಾನು ಶಿವಮೊಗ್ಗದಲ್ಲಾಗಲಿ ನಮ್ಮ ತೀರ್ಥಹಳ್ಳಿಯಲ್ಲಾಗಲಿ ಕಂಡಿಲ್ಲ. ಆಸ್ಪತ್ರೆ, ಬ್ಯಾಂಕು, ಸರ್ಕಾರಿ ಕಚೇರಿಗಳ ಆವರಣದಲ್ಲಿ ಗಾಲಿಕುರ್ಚಿಯ ಚಿತ್ರ ಬರೆದ ಜಾಗದಲ್ಲಿ ಗಾಡಿ ನಿಲ್ಲಿಸಿದಾಗ ಯಾರಾದರೂ ಪ್ರಶ್ನಿಸಿದರೆ ನಾವು ತೋರಿಸುವುದು ಗಾಡಿಯ ಆರ್.ಸಿ. ಮತ್ತು ಯು.ಡಿ.ಐ.ಡಿ. ಕಾರ್ಡನ್ನು, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ವಿಶಿಷ್ಟ ಗುರುತಿನ ಚೀಟಿಯನ್ನು. ಬಸ್ ಪಾಸಿಗೂ, ಪೋಷಣಾ ವೇತನಕ್ಕೂ, ಸಾಲ ಸೌಲಭ್ಯಕ್ಕೂ ಕೇಳುವುದು ಅದೇ ಕಾರ್ಡನ್ನು. ಹೀಗಾಗಿ ಅದರ ಮೇಲೆ ಮುದ್ರಿಸಿದ ಮಾನ್ಯತೆಯ ದಿನಾಂಕ ದಾಟಿತೆಂದರೆ, ನಮ್ಮ ದೇಹದಲ್ಲಿ ಯಾವ ಬದಲಾವಣೆಯೂ ಆಗದಿದ್ದರೂ, ಇವೆಲ್ಲವೂ ಒಟ್ಟಿಗೆ ಪ್ರಶ್ನೆಗೆ ಒಳಗಾಗುತ್ತವೆ. ಕಳೆದ ವರ್ಷ ನನ್ನ ಕಾರ್ಡಿನ ನವೀಕರಣದಲ್ಲಿ ನಾನು ಪಟ್ಟ ಪಾಡನ್ನೂ, ಕೊನೆಗೆ ಅದನ್ನು ಹೇಗೆ ಮುಗಿಸಿಕೊಂಡೆ ಎಂಬುದನ್ನೂ ಇಲ್ಲಿ ಬರೆದಿದ್ದೇನೆ.

ನನಗೆ ಎರಡು ವರ್ಷ ತುಂಬುವ ಮೊದಲೇ ಪೋಲಿಯೊ ತಗುಲಿ ಎಡಗಾಲಿನ ಬಲ ಹೋಯಿತು. ಕ್ಯಾಲಿಪರ್ (ಕಾಲನ್ನು ನೆಟ್ಟಗೆ ಹಿಡಿದಿಡುವ ಆಸರೆ) ತೊಟ್ಟು, ಒಂದು ಊರುಗೋಲಿನ ಆಧಾರದಲ್ಲಿ ನಡೆಯುತ್ತೇನೆ. ತೀರ್ಥಹಳ್ಳಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತನಾಗಿದ್ದೇನೆ, ಊರಿನವರು ವಿ.ಆರ್.ಡಬ್ಲ್ಯು. ಎಂದೇ ಕರೆಯುತ್ತಾರೆ. ಪಂಚಾಯಿತಿ ವ್ಯಾಪ್ತಿಯ ಅಂಗವಿಕಲರ ಅರ್ಜಿಗಳನ್ನು ತುಂಬುವುದು, ತಪಾಸಣೆಗೆ ಕರೆದುಕೊಂಡು ಹೋಗುವುದು ನನ್ನ ನಿತ್ಯದ ಕೆಲಸ. ಆದ್ದರಿಂದ ಈ ನವೀಕರಣವನ್ನು ಅರ್ಜಿದಾರನಾಗಿಯೂ ಕಂಡಿದ್ದೇನೆ, ಅರ್ಜಿ ತುಂಬಿಸುವವನಾಗಿಯೂ ಕಂಡಿದ್ದೇನೆ.

ನಿಲುಗಡೆಯ ಜಾಗಕ್ಕಾಗಿ ಇಷ್ಟು ಹಟವೇಕೆ ಎಂದು ಕೇಳುವವರಿದ್ದಾರೆ. ನನ್ನ ಸ್ಕೂಟರಿಗೆ ಹಿಂದೆ ಎರಡು ಹೆಚ್ಚುವರಿ ಚಕ್ರಗಳನ್ನು ಜೋಡಿಸಿದೆ. ಅದನ್ನು ಬೇರೆ ಸ್ಕೂಟರುಗಳಂತೆ ವಾಲಿಸಿ, ಹಿಂದಿನ ಹಿಡಿಕೆ ಹಿಡಿದು ಸರಿಸಿ ಇಕ್ಕಟ್ಟಿನಲ್ಲಿ ತೂರಿಸಲಾಗುವುದಿಲ್ಲ. ನಾನು ಇಳಿಯಬೇಕಾದರೆ ಮೊದಲು ಸೀಟಿನ ಪಕ್ಕದಲ್ಲಿ ಕಟ್ಟಿರುವ ಊರುಗೋಲನ್ನು ಬಿಡಿಸಿ ನೆಲಕ್ಕೆ ಊರಬೇಕು, ಆಮೇಲೆ ಎರಡೂ ಕೈಗಳಿಂದ ಕ್ಯಾಲಿಪರ್ ಹಾಕಿದ ಕಾಲನ್ನು ಎತ್ತಿ ಹೊರಗಿಡಬೇಕು, ಮೊಣಕಾಲಿನ ಬಳಿ ಇರುವ ಕೀಲನ್ನು ಕೆಳಗೊತ್ತಿ ಬಿಗಿಮಾಡಿಕೊಂಡ ನಂತರವೇ ಮೇಲೇಳಬೇಕು. ಇದಕ್ಕೆ ಪಕ್ಕದಲ್ಲಿ ಒಬ್ಬ ಮನುಷ್ಯ ಕಾಲು ಚಾಚುವಷ್ಟು ಜಾಗ ಬೇಕು. ಎರಡೂ ಕಡೆ ಬೈಕುಗಳನ್ನು ಒತ್ತಾಗಿ ನಿಲ್ಲಿಸಿದ್ದರೆ ಗಾಡಿ ನಿಲ್ಲಿಸಬಹುದು, ಇಳಿಯಲಾಗದು. ಶಿವಮೊಗ್ಗದ ದುರ್ಗಿಗುಡಿ, ನೆಹರೂ ರಸ್ತೆಯ ಕಡೆ ಸಂಜೆ ಹೊತ್ತು ಗಾಡಿಯಲ್ಲೇ ಕುಳಿತು, ಯಾರಾದರೂ ತಮ್ಮ ಬೈಕ್ ತೆಗೆಯುವುದನ್ನು ಕಾದಿರುವ ಸಂದರ್ಭಗಳು ಬಹಳ. ಮಲೆನಾಡಿನ ಮಳೆಗಾಲದಲ್ಲಂತೂ ಪಾಚಿ ಕಟ್ಟಿದ ಕಲ್ಲಿನ ಮೇಲೆ, ಕೆಸರಿನ ಮೇಲೆ ಊರುಗೋಲಿನ ರಬ್ಬರ್ ತುದಿ ನಿಲ್ಲುವುದಿಲ್ಲ. ನಮಗೆ ಐವತ್ತು ಮೀಟರ್ ದೂರ ಎಂಬುದು ಬಿದ್ದು ಮೂಳೆ ಮುರಿದುಕೊಳ್ಳುವ ಸಾಧ್ಯತೆಯ ಲೆಕ್ಕ.

ಅಳತೆಗಳು ಕಾಗದದಲ್ಲಿ ಇವೆ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಕಟ್ಟಡದ ಪ್ರವೇಶದ್ವಾರದಿಂದ 30 ಮೀಟರಿನೊಳಗೆ ಅಂಗವಿಕಲರಿಗೆ ಎರಡು ಕಾರುಗಳ ಜಾಗ ಇರಬೇಕು, ಒಂದೊಂದರ ಅಗಲ ಕನಿಷ್ಠ 3.6 ಮೀಟರ್ ಇರಬೇಕು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 41ನೇ ಕಲಮು ಬಸ್ ನಿಲ್ದಾಣ, ರೈಲು ನಿಲ್ದಾಣ, ವಿಮಾನ ನಿಲ್ದಾಣಗಳಲ್ಲಿ ನಮಗೆ ಒದಗಿಸಬೇಕಾದ ಸೌಲಭ್ಯಗಳಲ್ಲಿ ವಾಹನ ನಿಲುಗಡೆಯ ಜಾಗವನ್ನು ಹೆಸರಿಸಿಯೇ ಹೇಳಿದೆ. ಆದರೆ ಆ ಜಾಗವನ್ನು ಕಾಯುವ ಕಾವಲುಗಾರ ಕಾಯ್ದೆಯನ್ನು ಓದುವುದಿಲ್ಲ, ಕಾರ್ಡನ್ನು ಓದುತ್ತಾನೆ. ಅದನ್ನು ತಪ್ಪೆನ್ನಲಾರೆ, ಗಟ್ಟಿಮುಟ್ಟಾದವರು ಬಂದು ಆ ಜಾಗದಲ್ಲಿ ಕಾರು ನಿಲ್ಲಿಸಿ ಹೋಗುವುದನ್ನು ತಡೆಯಬೇಕಾದವನೂ ಅವನೇ.

ನನ್ನ ಹಳೆಯ ಅಂಗವೈಕಲ್ಯ ಪ್ರಮಾಣಪತ್ರದಲ್ಲಿ ತಾತ್ಕಾಲಿಕ ಎಂದು ನಮೂದಿಸಿ ಐದು ವರ್ಷದ ಅವಧಿ ಕೊಟ್ಟಿದ್ದರು, ಕಾರ್ಡಿನ ಅವಧಿಯೂ ಅದೇ. ಅವಧಿ ಮುಗಿಯುವ ಮೊದಲೇ ನಾನು ಈ ಕಾರ್ಡಿಗೆ ಅರ್ಜಿ ಹಾಕುವ ಸರ್ಕಾರಿ ಜಾಲತಾಣವಾದ ಸ್ವಾವಲಂಬನ್ ಪೋರ್ಟಲಿನಲ್ಲಿ ನವೀಕರಣದ ಅರ್ಜಿ ಸಲ್ಲಿಸಿದ್ದೆ. ಸಲ್ಲಿಸುವುದೇ ಒಂದು ಕೆಲಸ. ನಮ್ಮೂರಿನಲ್ಲಿ ಜೂನ್ ತಿಂಗಳಿಂದ ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳುವಂತಿಲ್ಲ, ಕರೆಂಟು ಹೋದ ಸ್ವಲ್ಪ ಹೊತ್ತಿಗೆ ಟವರ್ ಕೂಡ ಸತ್ತುಹೋಗುತ್ತದೆ. ಫೋಟೊ ಮತ್ತು ಸಹಿಯ ಕಡತಗಳನ್ನು ಹೇಳಿದ ಗಾತ್ರಕ್ಕೆ ಇಳಿಸಿ ಏರಿಸುವಷ್ಟರಲ್ಲಿ ಪುಟ ಮತ್ತೆ ಮೊದಲಿಗೆ ಹೋಗುತ್ತದೆ. ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಒ.ಟಿ.ಪಿ. ಬರಬೇಕಾದರೆ ಗುಡ್ಡದ ಏರಿನಲ್ಲಿ ನೆಟ್‌ವರ್ಕ್ ಸಿಗುವ ಜಾಗಕ್ಕೆ ಹೋಗಬೇಕು, ಅಷ್ಟರಲ್ಲಿ ಒ.ಟಿ.ಪಿ.ಯ ಸಮಯ ಮುಗಿದಿರುತ್ತದೆ. ಈ ಕಾರಣಕ್ಕೆ ನಾನು ಈಗ ಎಲ್ಲರ ಅರ್ಜಿಗಳನ್ನೂ ಬೆಳಗಿನ ಜಾವ, ಪೇಟೆಯ ಕಡೆಯಿಂದಲೇ ತುಂಬುತ್ತೇನೆ. ಫೋಟೊ, ಸಹಿ ಅಥವಾ ಹೆಬ್ಬೆಟ್ಟಿನ ಗುರುತು, ಆಧಾರ್, ಹಳೆಯ ಪ್ರಮಾಣಪತ್ರ ಇವುಗಳ ಕಡತಗಳನ್ನು ಮೊದಲೇ ಸಿದ್ಧಮಾಡಿ ಮೊಬೈಲಿನಲ್ಲಿ ಇಟ್ಟುಕೊಂಡಿರುತ್ತೇನೆ.

ಅರ್ಜಿ ಹೋದ ಮೇಲೆ ಕಾಯುವಿಕೆ ಶುರುವಾಯಿತು. 2016ರ ಕಾಯ್ದೆಯಡಿ ರೂಪಿಸಿದ 2017ರ ನಿಯಮಗಳಲ್ಲಿ ಪ್ರಮಾಣಪತ್ರ ಕೊಡಲು ಒಂದು ತಿಂಗಳ ಗಡುವಿತ್ತು. 2024ರ ಅಕ್ಟೋಬರ್‌ನಲ್ಲಿ ಬಂದ ತಿದ್ದುಪಡಿ ಅದನ್ನು ಮೂರು ತಿಂಗಳಿಗೆ ಏರಿಸಿತು. ಆಸ್ಪತ್ರೆಗಳ ಮೇಲಿನ ಒತ್ತಡ ನನಗೆ ಗೊತ್ತಿದೆ, ಗಡುವನ್ನು ಏರಿಸಿದ್ದಕ್ಕೆ ಕಾರಣವೂ ಇರಬಹುದು. ಆದರೆ ಆ ಮೂರು ತಿಂಗಳಲ್ಲಿ ಹಳೆಯ ಕಾರ್ಡಿನ ಅವಧಿ ಮುಗಿದುಹೋದರೆ ಅರ್ಜಿದಾರ ಏನು ತೋರಿಸಬೇಕು ಎಂಬ ಪ್ರಶ್ನೆಗೆ ನಾನು ಹೋದ ಯಾವ ಕಚೇರಿಯಲ್ಲೂ ಉತ್ತರ ಸಿಗಲಿಲ್ಲ. ನನಗೆ ಆದದ್ದೂ ಅದೇ. ತಪಾಸಣೆಯ ದಿನ ಗೊತ್ತಾಗುವ ಮೊದಲೇ ಕಾರ್ಡಿನ ದಿನಾಂಕ ದಾಟಿತು. ಶಿವಮೊಗ್ಗದ ಒಂದು ಆಸ್ಪತ್ರೆಯ ಆವರಣದಲ್ಲಿ ಕಾವಲುಗಾರ ಕಾರ್ಡನ್ನು ತಿರುಗಿಸಿ ನೋಡಿ, “ಇದರ ಡೇಟ್ ಮುಗಿದೋಗಿದೆ ಅಣ್ಣಾ, ಗಾಡಿ ಆಚೆ ಹಾಕಿ” ಎಂದ. ಅರ್ಜಿಯ ಸ್ವೀಕೃತಿಯನ್ನು ತೋರಿಸಿದೆ, ಆರ್.ಸಿ. ತೋರಿಸಿದೆ, ಕ್ಯಾಲಿಪರ್ ಅವನ ಕಣ್ಣೆದುರಿಗೇ ಇತ್ತು. ಅವನಿಗೆ ಮೇಲಿನವರು ಹೇಳಿದ್ದು ದಿನಾಂಕ ನೋಡು ಎಂದು. ಗೇಟಿನ ಹೊರಗೆ ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿ ಒಳಗೆ ನಡೆದು ಹೋಗುವಾಗ ನನಗೆ ಸಿಟ್ಟು ಬಂದದ್ದು ಆ ಹುಡುಗನ ಮೇಲಲ್ಲ. ನಾನು ಹೋಗುತ್ತಿದ್ದದ್ದು ಅದೇ ಆಸ್ಪತ್ರೆಯ ವೈದ್ಯಕೀಯ ಮಂಡಳಿಯ ಮುಂದೆ, ಅದೇ ಕಾರ್ಡಿನ ನವೀಕರಣಕ್ಕೆ.

ಅಂದು ಮೂಳೆ ವೈದ್ಯರು ರಜೆಯಲ್ಲಿದ್ದರು. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಅರವತ್ತು ಕಿಲೋಮೀಟರಿಗೂ ಹೆಚ್ಚು ದೂರವಿದೆ. ನಮ್ಮ ಕಡೆಯಲ್ಲಿ ಖಾಸಗಿ ಬಸ್ಸುಗಳೇ ಹೆಚ್ಚಾದ್ದರಿಂದ ಕೆ.ಎಸ್.ಆರ್.ಟಿ.ಸಿ.ಯ ರಿಯಾಯಿತಿ ಪಾಸ್ ಇದ್ದರೂ ಟಿಕೆಟಿನ ದುಡ್ಡು ಕೊಟ್ಟೇ ಹತ್ತಬೇಕಾಗುತ್ತದೆ. ನನ್ನೊಂದಿಗೆ ಮಂಡಗದ್ದೆಯ ಕಡೆಯ ಒಬ್ಬ ತಾಯಿ ಬಂದಿದ್ದರು. ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲುಗಳ ಚಲನೆ ಹಿಡಿತಕ್ಕೆ ಸಿಗದ ಸ್ಥಿತಿ) ಇರುವ, ಹೆಚ್ಚುಕಡಿಮೆ ಅವರಷ್ಟೇ ಎತ್ತರಕ್ಕೆ ಬೆಳೆದಿರುವ ಮಗನನ್ನು ಅವರು ಬಸ್ಸಿನಿಂದ ಎತ್ತಿಕೊಂಡೇ ಇಳಿಸಿದ್ದರು. ಕೂಲಿ ಬಿಟ್ಟು ಬಂದಿದ್ದ ಅವರಿಗೆ ಕಿಟಕಿಯಲ್ಲಿ ಕುಳಿತಿದ್ದವರು ಮುಂದಿನ ವಾರ ಬನ್ನಿ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದರು. ವೈದ್ಯರ ರಜೆಯ ವಿಷಯವನ್ನು ಹಿಂದಿನ ದಿನ ಒಂದು ಸಂದೇಶದಲ್ಲಿ ತಿಳಿಸಿದ್ದರೆ ಆ ತಾಯಿಯ ಒಂದು ದಿನದ ಕೂಲಿ ಉಳಿಯುತ್ತಿತ್ತು. ಅರ್ಜಿಯಲ್ಲಿ ಎಲ್ಲರ ಮೊಬೈಲ್ ಸಂಖ್ಯೆಯೂ ಇರುತ್ತದೆ.

ಈ ಕಾಯುವಿಕೆಯ ನಡುವೆ ನಾನು ನಿಯಮಗಳನ್ನು ಮತ್ತೊಮ್ಮೆ ಓದಿದೆ. ನನ್ನ ಕೆಲಸ ಆದದ್ದು ಆ ಓದಿನಿಂದಲೇ. 2017ರ ನಿಯಮಗಳ 18ನೇ ನಿಯಮದಲ್ಲಿ ಸ್ಪಷ್ಟವಾಗಿ ಹೇಳಿದೆ: ಅಂಗವೈಕಲ್ಯದ ಪ್ರಮಾಣ ಕಾಲಾನಂತರದಲ್ಲಿ ಬದಲಾಗುವ ಸಂಭವವಿಲ್ಲದಿದ್ದರೆ ವೈದ್ಯಕೀಯ ಪ್ರಾಧಿಕಾರವು ಶಾಶ್ವತ ಪ್ರಮಾಣಪತ್ರ ಕೊಡಬೇಕು, ಬದಲಾಗುವ ಸಂಭವವಿದ್ದರೆ ಮಾತ್ರ ಅವಧಿಯನ್ನು ನಮೂದಿಸಬೇಕು. ಬಾಲ್ಯದಲ್ಲಿ ಬಂದ ಪೋಲಿಯೊದಿಂದ ಬಲ ಕಳೆದುಕೊಂಡ ನಡುವಯಸ್ಕನ ಕಾಲು ಐದು ವರ್ಷದಲ್ಲಿ ಸರಿಹೋಗುವುದಿಲ್ಲ. ನಾನು ಒಂದು ಹಾಳೆಯಲ್ಲಿ ಕೈಬರಹದಲ್ಲೇ ಮನವಿ ಬರೆದೆ: ಕಾಯಿಲೆ ಬಂದ ವಯಸ್ಸು, ಈ ಹಿಂದಿನ ಪ್ರಮಾಣಪತ್ರಗಳಲ್ಲಿ ನಮೂದಾದ ಶೇಕಡಾ ಪ್ರಮಾಣ ಬದಲಾಗದೆ ಉಳಿದಿರುವುದು, 18ನೇ ನಿಯಮದ ಆ ಸಾಲು, ಮತ್ತು ಶಾಶ್ವತ ಪ್ರಮಾಣಪತ್ರ ಕೊಡಬೇಕೆಂಬ ಕೋರಿಕೆ. ಹಳೆಯ ಪ್ರಮಾಣಪತ್ರಗಳ ಜೆರಾಕ್ಸ್‌ಗಳನ್ನು ವರ್ಷದ ಕ್ರಮದಲ್ಲಿ ಜೋಡಿಸಿ ಪಿನ್ ಮಾಡಿದೆ.

ಮತ್ತೆ ಕರೆ ಬಂದಾಗ ನನ್ನನ್ನು ಪರೀಕ್ಷಿಸಿದವರು ಎಳೆವಯಸ್ಸಿನ ವೈದ್ಯೆ. ಮಂಚದ ಮೇಲೆ ಮಲಗಿಸಿ ಸೊಂಟದ ಮೂಳೆಯ ಮುಂತುದಿಯಿಂದ ಪಾದದ ಒಳಗಂಟಿನವರೆಗೆ ಟೇಪಿನಲ್ಲಿ ಎರಡೂ ಕಾಲುಗಳನ್ನು ಅಳೆದರು. ತೊಡೆಯ, ಮೀನಖಂಡದ ಸುತ್ತಳತೆ ತೆಗೆದರು. ಪ್ರತಿ ಕೀಲಿನ ಬಳಿ ಕೈಯಿಟ್ಟು “ನನ್ನ ಕೈಯನ್ನು ತಳ್ಳಿ” ಎನ್ನುತ್ತ ಸ್ನಾಯುಗಳ ಬಲಕ್ಕೆ ಸೊನ್ನೆಯಿಂದ ಐದರವರೆಗಿನ ಅಂಕ ಬರೆದುಕೊಂಡರು. ಇಂಥ ಪೋಲಿಯೊ ಕಾಲನ್ನು ಓದಿದ್ದೇ ಹೆಚ್ಚು, ನೋಡಿದ್ದು ಕಡಿಮೆ ಎಂದು ಅವರೇ ಹೇಳಿದರು. 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೊ ಮುಕ್ತವೆಂದು ಪ್ರಮಾಣೀಕೃತವಾದ ದೇಶ. ನಮ್ಮ ನಂತರ ಈ ಕಾಲುಗಳನ್ನು ಯಾರೂ ನೋಡಬಾರದೆಂಬುದೇ ನನ್ನ ಆಸೆಯೂ ಹೌದು. ಮನವಿಯನ್ನು ಅವರ ಮುಂದಿಟ್ಟಾಗ ಪೂರ್ತಿ ಓದಿ, ಮಂಡಳಿಯ ಹಿರಿಯರ ಬಳಿ ಹೋಗಿ ಮಾತಾಡಿ ಬಂದರು. “ಇದನ್ನು ಮೊದಲೇ ಶಾಶ್ವತ ಎಂದು ಕೊಡಬೇಕಾಗಿತ್ತು” ಎಂದರು. ಹೊಸ ಪ್ರಮಾಣಪತ್ರದಲ್ಲಿ ಅವಧಿಯ ಜಾಗದಲ್ಲಿ ಶಾಶ್ವತ ಎಂದಿದೆ. ಶೇಕಡಾ ಪ್ರಮಾಣ 40ರಿಂದ 80ರ ನಡುವೆ ಇರುವುದರಿಂದ ನನ್ನ ಕಾರ್ಡಿಗೆ ಹಳದಿ ಬಣ್ಣ; 2024ರ ತಿದ್ದುಪಡಿಯ ಪ್ರಕಾರ 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 80 ಮತ್ತು ಮೇಲ್ಪಟ್ಟರೆ ನೀಲಿ.

ಎಲ್ಲರಿಗೂ ಶಾಶ್ವತವೇ ಬೇಕೆಂದು ನಾನು ವಾದಿಸುವುದಿಲ್ಲ. ಬೆಳೆಯುವ ಮಗುವಿಗೆ ಚಿಕಿತ್ಸೆಯಿಂದ ಸುಧಾರಣೆಯಾಗಬಹುದು, ಕೆಲವು ಕಾಯಿಲೆಗಳಲ್ಲಿ ಅಂಗವೈಕಲ್ಯ ಹೆಚ್ಚುತ್ತ ಹೋಗುವುದರಿಂದ ಮರುತಪಾಸಣೆ ಆ ವ್ಯಕ್ತಿಗೇ ಅನುಕೂಲ. ಆದರೆ ಕತ್ತರಿಸಿದ ಕಾಲಿಗೆ, ಹುಟ್ಟಿನಿಂದ ಕಾಣದ ಕಣ್ಣಿಗೆ ಅವಧಿ ನಮೂದಿಸಿ ಮತ್ತೆ ಮತ್ತೆ ಸಾಲಿನಲ್ಲಿ ನಿಲ್ಲಿಸುವುದಕ್ಕೆ ನಿಯಮದ ಬೆಂಬಲವಿಲ್ಲ. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಬಹುದು, ಕಾಯ್ದೆಯ 59ನೇ ಕಲಮಿನಡಿ ಮೇಲ್ಮನವಿ ಸಲ್ಲಿಸಬಹುದು. ಬಾಯಿಮಾತಿನಲ್ಲಿ ಆಗಲ್ಲ ಹೋಗಿ ಎಂದರೆ ನಮ್ಮವರು ತಲೆತಗ್ಗಿಸಿ ವಾಪಸಾಗುತ್ತಾರೆ. ಅದನ್ನು ನಿಲ್ಲಿಸುವುದಕ್ಕೇ ನಾನೀಗ ಪ್ರತಿಯೊಬ್ಬರ ಕೈಯಲ್ಲೂ ಲಿಖಿತ ಮನವಿ ಕೊಟ್ಟು ಕಳಿಸುತ್ತೇನೆ, ಒಂದು ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬರಲು ಹೇಳುತ್ತೇನೆ.

ಚಾಲನಾ ಪರವಾನಗಿಯ ನವೀಕರಣವನ್ನೂ ಇದೇ ವರ್ಷ ಮುಗಿಸಿದೆ, ಅದು ಇಷ್ಟು ಕಷ್ಟವಾಗಲಿಲ್ಲ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಅವಧಿ ಮುಗಿಯುವ ಒಂದು ವರ್ಷ ಮೊದಲಿನಿಂದ, ಮುಗಿದ ಒಂದು ವರ್ಷದವರೆಗೆ ಅರ್ಜಿ ಹಾಕಲು ಅವಕಾಶವಿದೆ. ಗಾಡಿ ಓಡಿಸುವ ಪರವಾನಗಿಗೆ ಇಷ್ಟು ವಿಶಾಲವಾದ ಅವಕಾಶವಿರುವಾಗ, ಆ ಗಾಡಿಯಿಂದ ಇಳಿಯಲು ಬೇಕಾದ ಜಾಗದ ಕಾರ್ಡಿಗೆ ದಿನಾಂಕ ದಾಟಿದ ಮರುದಿನವೇ ಬೆಲೆಯಿಲ್ಲದಂತೆ ನಡೆಸಿಕೊಳ್ಳುವುದು ನ್ಯಾಯವಲ್ಲ. ಬಸ್ ಪಾಸ್ ಮಾತ್ರ ವರ್ಷವರ್ಷವೂ ಸೇವಾಸಿಂಧುವಿನಲ್ಲಿ ಹೊಸದಾಗಿ ಮಾಡಿಸಬೇಕು. ಕಾರ್ಡಿನಲ್ಲಿ ಶಾಶ್ವತ ಎಂದಿದ್ದರೆ ಅಲ್ಲಿ ಆಕ್ಷೇಪಣೆ ಕಡಿಮೆ.

ಆ ಮಂಡಗದ್ದೆಯ ತಾಯಿಯ ಮಗನಿಗೂ ಮುಂದಿನ ಸರದಿಯಲ್ಲಿ ಪ್ರಮಾಣಪತ್ರ ಸಿಕ್ಕಿತು. ಹುಡುಗ ಇನ್ನೂ ಬೆಳೆಯುವ ವಯಸ್ಸಿನವನಾದ್ದರಿಂದ ಅವಧಿ ನಮೂದಿಸಿಯೇ ಕೊಟ್ಟಿದ್ದಾರೆ, ಅದಕ್ಕೆ ನನ್ನ ತಕರಾರಿಲ್ಲ. ಆ ದಿನಾಂಕವನ್ನು ನನ್ನ ಪುಸ್ತಕದಲ್ಲಿ ಬರೆದುಕೊಂಡು, ಅದಕ್ಕೆ ನಾಲ್ಕು ತಿಂಗಳು ಮೊದಲಿನ ಪುಟದಲ್ಲಿ ಅರ್ಜಿ ಹಾಕಬೇಕೆಂದು ಗುರುತು ಮಾಡಿದ್ದೇನೆ. ಪಂಚಾಯಿತಿಯ ಎಲ್ಲ ಕಾರ್ಡುಗಳಿಗೂ ಈಗ ಹೀಗೆಯೇ ಮಾಡುತ್ತಿದ್ದೇನೆ. ಅವಧಿ ಮುಗಿಯುವ ಮೊದಲು ಅರ್ಜಿ ಹಾಕಿದವರ ಸ್ವೀಕೃತಿಯನ್ನು ಹೊಸ ಕಾರ್ಡು ಬರುವವರೆಗೆ ಎಲ್ಲ ಕಡೆ ಮಾನ್ಯ ಮಾಡಬೇಕು, ತಪಾಸಣೆಯನ್ನು ತಿಂಗಳಿಗೊಮ್ಮೆಯಾದರೂ ತಾಲ್ಲೂಕು ಆಸ್ಪತ್ರೆಯಲ್ಲೇ ನಡೆಸಬೇಕು, ವೈದ್ಯರು ಇಲ್ಲದ ದಿನ ಮುಂಚಿತವಾಗಿ ಸಂದೇಶ ಕಳಿಸಬೇಕು ಎಂದು ಜಿಲ್ಲಾ ಮಟ್ಟದ ಕಚೇರಿಗೆ ನಮ್ಮ ತಾಲ್ಲೂಕಿನ ಕಾರ್ಯಕರ್ತರೆಲ್ಲ ಸೇರಿ ಸಹಿ ಮಾಡಿದ ಮನವಿಯನ್ನು ಕೊಟ್ಟಿದ್ದೇವೆ. ಉತ್ತರ ಇನ್ನೂ ಬಂದಿಲ್ಲ. ಮಳೆಗಾಲ ಶುರುವಾಗುವುದರೊಳಗೆ ಮತ್ತೊಮ್ಮೆ ಹೋಗಿ ಕೇಳುವುದೆಂದು ನಿಶ್ಚಯಿಸಿದ್ದೇವೆ.