ಸಂಡೂರಿನ ಕೆಂಧೂಳು ಹಲಗೆಗೆ ಹಿಡಿದ ಬಗೆ

ಟ್ಯೂಬಿನಲ್ಲಿ ಇಂಡಿಯನ್ ರೆಡ್ ಎಂಬ ಕೆಂಪು ಬಣ್ಣ ಸಿಗುವಾಗ ರಸ್ತೆಯ ಧೂಳನ್ನೇಕೆ ಗುಡಿಸುತ್ತೀಯೆ ಎಂದು ಜೊತೆಯ ಕಲಾವಿದರು ನಾಲ್ಕು ವರ್ಷ ಕೇಳಿದರು. ಎರಡೂ ಕಬ್ಬಿಣದ ಆಕ್ಸೈಡೇ ಆದರೂ, ಬಳ್ಳಾರಿ ಜಿಲ್ಲೆಯ ಸಂಡೂರಿನ ಅದಿರು ಲಾರಿಗಳಿಂದ ಹಾರಿ ಹೊಂಗೆಯ ಎಲೆಯ ಮೇಲೆ ಕೂತ ಧೂಳಿನಿಂದಲೇ ಆ ಎಲೆಯನ್ನು ಬರೆಯಬೇಕೆಂಬುದು ನನ್ನ ಹಟವಾಗಿತ್ತು.

ಮೊದಲು ಅಗಸೆ ಎಣ್ಣೆಯಲ್ಲಿ ಅರೆದೆ. ಧೂಳಿನೊಳಗಿನ ಜೇಡಿ ಎಣ್ಣೆಯನ್ನು ಕುಡಿಯುತ್ತಲೇ ಹೋಯಿತು. ಇನ್ನಷ್ಟು ಸುರಿದಾಗ ಮೇಲ್ಪದರ ಹಾಲಿನ ಕೆನೆಯಂತೆ ಸುಕ್ಕುಗಟ್ಟಿತು. ಆಮೇಲೆ ಜಾಲಿ ಅಂಟಿಗೆ ಬಂದೆ. ಕ್ಯಾನ್ವಾಸಿನ ಮೇಲೆ ಚೆನ್ನಾಗಿಯೇ ಕೂತಿತ್ತು, ಆದರೆ ಬಸ್ಸಿನಲ್ಲಿ ಒಯ್ಯಲೆಂದು ಸುರುಳಿ ಸುತ್ತಿದ್ದ ಆರು ಚಿತ್ರಗಳನ್ನು ಬೆಂಗಳೂರಿನಲ್ಲಿ ಬಿಚ್ಚಿದಾಗ ಅರ್ಧ ಬಣ್ಣ ಸುತ್ತಿದ ಕಾಗದದಲ್ಲಿತ್ತು. ಕಟ್ಟು ಹಾಕಿಸಲು ಕೊಟ್ಟ ಮುಂಗಡವೂ ಸೇರಿ ಹೆಚ್ಚುಕಡಿಮೆ 40,000 ರೂಪಾಯಿ ಹೋಯಿತು; ಗ್ಯಾಲರಿಯವರು ಬಾಡಿಗೆಯನ್ನೂ ಹಿಂದಿರುಗಿಸಲಿಲ್ಲ.

ದಾರಿ ತೋರಿಸಿದ್ದು ಮೈಸೂರು ಶೈಲಿಯ ಹಳೆಯ ಪದ್ಧತಿ: ಬಾಗದ ಹಲಗೆ, ಹುಣಸೆಬೀಜದ ಅಂಟಿನಿಂದ ಹಿಡಿಸಿದ ಬಟ್ಟೆ, ಮೇಲೆ ಸಫೇದ ಎಂಬ ಬಿಳಿ ಪುಡಿಯ ತೆಳು ಲೇಪ. ಧೂಳನ್ನು ಬಕೆಟ್ಟಿನಲ್ಲಿ ಕದಡಿ, ಮೂವತ್ತು ಎಣಿಸುವಷ್ಟರಲ್ಲಿ ತಳಕ್ಕಿಳಿಯುವ ಮರಳನ್ನು ಬಿಟ್ಟು ಮೇಲಿನ ಕೆಂಪು ನೀರನ್ನಷ್ಟೇ ಬಸಿದು, ರಾತ್ರಿಯಿಡೀ ತಿಳಿಯಾಗಲು ಇಟ್ಟು, ಹೀಗೆ ಏಳೆಂಟು ಸಲ ತೊಳೆದ ಮೇಲೆ ಐದು ಕಿಲೊ ಧೂಳಿಗೆ ಅರ್ಧ ಕಿಲೊ ಬಣ್ಣ ಸಿಕ್ಕರೆ ಹೆಚ್ಚು. ಬಣ್ಣ ಕಲಸುವ ಅಂಟಿಗೆ ಜೇನು ಎಷ್ಟು ಬೀಳಬೇಕು, ಧೂಳನ್ನು ಯಾವ ತಿಂಗಳಲ್ಲಿ ಗುಡಿಸಬೇಕು ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ.

ನಡುವೆ ತುಂಗಭದ್ರಾ ಜಲಾಶಯದ ಹೂಳನ್ನೂ ತಂದೆ. 133 ಟಿಎಂಸಿ ಹಿಡಿಯುತ್ತಿದ್ದ ಅಣೆಕಟ್ಟನ್ನು ಸುಮಾರು 105ಕ್ಕೆ ಇಳಿಸಿದ ಹೂಳು ನನ್ನ ಡಬ್ಬಿಯಲ್ಲಿ ವಾರದೊಳಗೆ ಬೂಷ್ಟು ಹಿಡಿಯಿತು. ಕಾವಲಿಯ ಮೇಲೆ ಹುರಿದಾಗ ಮಾತ್ರ ಮಾಸಲು ಹಳದಿ ಹೋಗಿ ಇಟ್ಟಿಗೆಯ ಬಣ್ಣ ಬಂದಿತು. ಮನೆಯವರು ಆ ಕಾವಲಿಯಲ್ಲಿ ಮತ್ತೆ ದೋಸೆ ಹುಯ್ಯಲಿಲ್ಲ.

2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದ ಮೇಲೆ ಮಳೆಗೆ ಎಲೆಗಳು ಹಸಿರಾದದ್ದನ್ನೂ, ಲಾರಿಗಳು ಮರಳಿದ ಮೇಲೆ ಮತ್ತೆ ಕೆಂಪಾದದ್ದನ್ನೂ ಕಂಡವನು ನಾನು. ಆದ್ದರಿಂದ ಯಾವ ರಾಜಕಾರಣಿಯ ಮುಖವನ್ನೂ ಬರೆಯದೆ, ಒಂದೇ ಎಲೆಯನ್ನು ಹನ್ನೊಂದು ಹಲಗೆಗಳಲ್ಲಿ ಬರೆದೆ. ಧೂಳಿನ ದಪ್ಪವೊಂದೇ ಬದಲಾಗುತ್ತದೆ. ಮೂರು ಮಾರಾಟವಾದವು, ಹಳೆಯ ಸಾಲ ತೀರಿತು.

ಪ್ರದರ್ಶನದ ಎರಡನೆಯ ದಿನ, ಹಿಂದೆ ಅದಿರು ಲಾರಿ ಓಡಿಸುತ್ತಿದ್ದೆನೆಂದ ಹಿರಿಯರೊಬ್ಬರು ಕೇಳದೆಯೇ ಏಳನೆಯ ಹಲಗೆಯ ಮೇಲೆ ಬೆರಳಾಡಿಸಿದರು. ಬೆರಳನ್ನು ಬೆಳಕಿಗೆ ಹಿಡಿದು ನೋಡಿ, ಅಂಗಿಗೆ ಒರೆಸಿಕೊಂಡು, ಅಂಗಿಯನ್ನೂ ನೋಡಿದರು. ಎರಡರಲ್ಲೂ ಕೆಂಪಿರಲಿಲ್ಲ.